ಹನ್ನೊಂದು ಸಾವಿರ ಜನರ ದೇಶ ಬಂದರು ಕಟ್ಟುವುದು ಹೇಗೆ?

ಪ್ರಶ್ನೆ: ಉಳ್ಳಾಲದ ಕಡಲ್ಕೊರೆತ ತಡೆಯುವ ಕಾಮಗಾರಿಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ಬಂತು. ನಮ್ಮ ಬೆನ್ನಿಗೆ ರಾಜ್ಯ, ಕೇಂದ್ರ ಸರ್ಕಾರಗಳಿದ್ದವು. ತುವಾಲುವಿನಂಥ ಪುಟ್ಟ ದ್ವೀಪ ದೇಶಕ್ಕೆ ತಡೆಗೋಡೆಯೋ ಬಂದರೋ ಬೇಕಾದರೆ ಅದು ಯಾರನ್ನು ಕೇಳುತ್ತದೆ?
– ಓದುಗರೊಬ್ಬರು, ಉಳ್ಳಾಲ

ಉತ್ತರ: ಕೇಳಲು ಜಾಗಗಳು ಹಲವಿವೆ. ಕಷ್ಟವಿರುವುದು ಅರ್ಜಿ ಸಿದ್ಧಪಡಿಸುವುದರಲ್ಲಿ. ತುವಾಲುವಿನ ಜನಸಂಖ್ಯೆ ಸುಮಾರು 11 ಸಾವಿರ. ಒಂಬತ್ತೂ ದ್ವೀಪಗಳ ನೆಲ ಕೂಡಿಸಿದರೆ 26 ಚದರ ಕಿಲೋಮೀಟರ್. ಇಂಥ ದೇಶದಲ್ಲಿ ಎಂಜಿನಿಯರುಗಳೂ ಲೆಕ್ಕಪತ್ರ ಬಲ್ಲವರೂ ಕೆಲವೇ ಮಂದಿ. ಹಣ ಕೊಡುವ ಸಂಸ್ಥೆಗಳು ಮಾತ್ರ ಯಾವ ದೇಶವಾದರೂ ಬಿಡದೆ ಕಡತ ಕೇಳುತ್ತವೆ: ಅಲೆ ಮತ್ತು ಉಬ್ಬರದ ಅಳತೆ, ಪರಿಸರ ಪರಿಣಾಮದ ವರದಿ, ಟೆಂಡರಿನ ಕ್ರಮ, ಲೆಕ್ಕಪರಿಶೋಧನೆ.

ಆದ್ದರಿಂದ ಬಹುಪಾಲು ದ್ವೀಪ ದೇಶಗಳು ನುರಿತ ಸಂಸ್ಥೆಯೊಂದರ ಮೂಲಕ ಹೋಗುತ್ತವೆ. ದಕ್ಷಿಣ ಕೊರಿಯಾದಲ್ಲಿ ಕಚೇರಿಯಿರುವ ಹಸಿರು ಹವಾಮಾನ ನಿಧಿ ಹಣ ಬಿಡುವುದೇ ತಾನು ಮಾನ್ಯ ಮಾಡಿದ ಸಂಸ್ಥೆಗಳ ಮೂಲಕ. ತುವಾಲು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವನ್ನು, ಅಂದರೆ ಯುಎನ್‌ಡಿಪಿಯನ್ನು ಮುಂದಿಟ್ಟುಕೊಂಡು ಹೋಯಿತು. 2016ರಲ್ಲಿ 3.6 ಕೋಟಿ ಡಾಲರ್ ಮಂಜೂರಾಯಿತು. ಇದು ಸಾಲವಲ್ಲ, ಅನುದಾನ. ಆ ಹಣದಲ್ಲಿ ರಾಜಧಾನಿ ಫುನಾಫುಟಿಯ ಒಳಗಡಲಿನ ಮರಳನ್ನೇ ಎತ್ತಿ ಸುರಿದು, ಸುಮಾರು 780 ಮೀಟರ್ ಉದ್ದ, 100 ಮೀಟರ್ ಅಗಲದ ಎತ್ತರದ ಹೊಸ ನೆಲ ನಿರ್ಮಿಸಿದರು. ಅದು ಸಿದ್ಧವಾದದ್ದು 2023ರ ಕೊನೆಯ ಹೊತ್ತಿಗೆ. ಮಂಜೂರಾತಿಯಿಂದ ಮುಗಿಯುವ ತನಕ ಏಳು ವರ್ಷ.

ಇನ್ನೊಂದು ದಾರಿ ಅಭಿವೃದ್ಧಿ ಬ್ಯಾಂಕುಗಳದು. ತುವಾಲು 1993ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿಗೂ 2010ರಲ್ಲಿ ವಿಶ್ವಬ್ಯಾಂಕಿಗೂ ಸದಸ್ಯನಾಯಿತು. ಹೊರದ್ವೀಪವಾದ ನುಕುಲೇಲೇಯಲ್ಲಿ ದೋಣಿ ಬಂದರು ಕಟ್ಟಲು ಏಷ್ಯನ್ ಬ್ಯಾಂಕ್ ಅನುದಾನ ಕೊಟ್ಟಿತು. ಬಡ ದೇಶಗಳಿಗೆ ಹಗುರ ಷರತ್ತಿನ ಹಣ ಕೊಡುವ ವಿಶ್ವಬ್ಯಾಂಕಿನ ಅಂಗ ಐಡಿಎ. ಸಾಲದ ಹೊರೆ ಅಪಾಯದ ಮಟ್ಟ ಮುಟ್ಟಿದ ದೇಶಕ್ಕೆ ಅದು ಸಾಲದ ಬದಲು ಅನುದಾನವನ್ನೇ ಕೊಡುತ್ತದೆ.

ಇಲ್ಲೊಂದು ತೊಡಕಿದೆ. ಹಗುರ ಷರತ್ತಿನ ಹಣ ಯಾರಿಗೆ ಎಂಬುದನ್ನು ಮುಖ್ಯವಾಗಿ ತಲಾದಾಯ ನೋಡಿ ತೀರ್ಮಾನಿಸುತ್ತಾರೆ. ಪ್ರವಾಸಿಗರಿಂದ ಸಂಪಾದಿಸುವ ದ್ವೀಪಗಳು ಈ ಲೆಕ್ಕದಲ್ಲಿ ಅನುಕೂಲಸ್ಥರಂತೆ ಕಾಣುತ್ತವೆ. ಆದರೆ 2017ರಲ್ಲಿ ಮರಿಯಾ ಚಂಡಮಾರುತ ಕೆರಿಬಿಯನ್‌ನ ಡೊಮಿನಿಕಾಕ್ಕೆ ಒಂದೇ ಏಟಿಗೆ ಮಾಡಿದ ನಷ್ಟ, ಆ ದೇಶದ ವರ್ಷದ ಒಟ್ಟು ಉತ್ಪನ್ನದ ಎರಡು ಪಟ್ಟಿಗೂ ಹೆಚ್ಚು. ಐಡಿಎ 1985ರಿಂದಲೇ ಪುಟ್ಟ ದ್ವೀಪಗಳಿಗೆ ಆದಾಯಮಿತಿಯಲ್ಲಿ ವಿನಾಯಿತಿ ಕೊಡುತ್ತಿದೆ. 2024ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ, ಆದಾಯದ ಜೊತೆಗೆ ಅಪಾಯವನ್ನೂ ಅಳೆಯುವ ಬಹುಆಯಾಮದ ಸೂಚ್ಯಂಕವೊಂದಕ್ಕೆ ಒಪ್ಪಿಗೆ ಕೊಟ್ಟಿತು. ಅದನ್ನು ಬಳಸಲೇಬೇಕೆಂದು ಬ್ಯಾಂಕುಗಳ ಮೇಲೆ ಕಟ್ಟುಪಾಡಿಲ್ಲ.

ಮೂರನೆಯದು ನೇರವಾಗಿ ದೊಡ್ಡ ದೇಶಗಳನ್ನು ಕೇಳುವುದು. ಇಲ್ಲಿ ಹಣ ಬೇಗ ಬರುತ್ತದೆ, ಜೊತೆಯಲ್ಲಿ ರಾಜಕೀಯವೂ ಬರುತ್ತದೆ. ಮಾಲ್ದೀವ್ಸ್‌ನ ರಾಜಧಾನಿ ಮಾಲೆಯನ್ನು ವಿಮಾನ ನಿಲ್ದಾಣಕ್ಕೆ ಸೇರಿಸುವ ಸೇತುವೆ ಚೀನಾದ ನೆರವಿನಿಂದ 2018ರಲ್ಲಿ ತೆರೆಯಿತು. ಅದೇ ಮಾಲೆಯನ್ನು ಪಕ್ಕದ ದ್ವೀಪಗಳಿಗೆ ಜೋಡಿಸುವ 6.7 ಕಿಲೋಮೀಟರಿನ ಯೋಜನೆಗೆ ಭಾರತ 40 ಕೋಟಿ ಡಾಲರ್ ಸಾಲವನ್ನೂ 10 ಕೋಟಿ ಡಾಲರ್ ಅನುದಾನವನ್ನೂ ಘೋಷಿಸಿತು. ಇಂಥ ಸಾಲದಲ್ಲಿ ಸಾಮಾನ್ಯವಾಗಿ ಗುತ್ತಿಗೆದಾರರೂ ಸಾಮಗ್ರಿಯ ಬಹುಪಾಲೂ ಸಾಲ ಕೊಟ್ಟ ದೇಶದವೇ. ಸಾಲದ ಹೊರೆ ಎಂಥದ್ದೆಂಬುದಕ್ಕೆ ಟೊಂಗಾವನ್ನು ನೋಡಬಹುದು. 2006ರ ಗಲಭೆಯಲ್ಲಿ ಸುಟ್ಟುಹೋದ ರಾಜಧಾನಿಯನ್ನು ಮತ್ತೆ ಕಟ್ಟಲು ಅದು ಚೀನಾದ ಎಕ್ಸಿಂ ಬ್ಯಾಂಕಿನಿಂದ ಸಾಲ ತಂದಿತು. ಆಮೇಲೆ ಅದರ ವಿದೇಶಿ ಸಾಲದ ದೊಡ್ಡ ಪಾಲು ಅದೇ ಆಗಿಬಿಟ್ಟಿತು.

ಹಣದಷ್ಟೇ ತಾಂತ್ರಿಕ ನೆರವೂ ಬೇಕು. ದೆಹಲಿಯಲ್ಲಿ ಕೇಂದ್ರ ಕಚೇರಿಯಿರುವ ವಿಪತ್ತು ನಿರೋಧಕ ಮೂಲಸೌಕರ್ಯ ಒಕ್ಕೂಟ, ದ್ವೀಪ ದೇಶಗಳಿಗೆಂದೇ ‘ಐರಿಸ್’ ಎಂಬ ಕಾರ್ಯಕ್ರಮ ನಡೆಸುತ್ತಿದೆ. 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಅದು ಶುರುವಾಯಿತು.

ನನ್ನನ್ನು ಕೇಳಿದರೆ, ದ್ವೀಪ ದೇಶವೊಂದು ಹಿಡಿಯಬೇಕಾದ ಕ್ರಮ ಹೀಗಿರಬೇಕು. ದಾನಿಗಳಿಗೆ ಹಿಡಿಸುವ ಯೋಜನೆ ಹುಡುಕುವ ಮೊದಲು ತನಗೆ ಬೇಕಾದ್ದರ ಪಟ್ಟಿ ತಾನೇ ಮಾಡಿಕೊಳ್ಳಬೇಕು. ಅನುದಾನದ ಸಾಧ್ಯತೆಗಳೆಲ್ಲ ಮುಗಿದ ಮೇಲೆ ಸಾಲದ ಮಾತು. ಸಾಲ ತಂದರೂ ಚಂಡಮಾರುತ ಬಡಿದ ವರ್ಷ ಕಂತು ಮುಂದೂಡುವ ಷರತ್ತನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಬಾರ್ಬಡೋಸ್ ತನ್ನ ಬಾಂಡುಗಳಲ್ಲಿ ಇಂಥ ಷರತ್ತು ಸೇರಿಸಿದೆ.

ಎಲ್ಲಕ್ಕಿಂತ ಮುಖ್ಯ, ನಿರ್ವಹಣೆಯ ಖರ್ಚನ್ನು ಮೊದಲೇ ಲೆಕ್ಕ ಹಾಕುವುದು. ಬಂದರು ಕಟ್ಟಿಸಿ ಉದ್ಘಾಟಿಸಲು ದಾನಿಗಳು ಸಿಗುತ್ತಾರೆ. ಹತ್ತು ವರ್ಷದ ಮೇಲೆ ತುಕ್ಕು ಹಿಡಿದ ಸರಳು ಬದಲಿಸಲು ಸಿಗುವುದು ಅಪರೂಪ. ಈ ವಿಷಯದಲ್ಲಿ ತುವಾಲು ಜಾಣತನ ತೋರಿಸಿದೆ. 1987ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್ ಕೊಟ್ಟ ಹಣವನ್ನು ಅದು ಖರ್ಚು ಮಾಡಲಿಲ್ಲ. ತನ್ನ ಪಾಲನ್ನೂ ಸೇರಿಸಿ ಟ್ರಸ್ಟ್ ನಿಧಿಯಾಗಿಸಿ ವಿದೇಶಗಳಲ್ಲಿ ಹೂಡಿತು. ಅಸಲು ಕರಗದಂತೆ ಕಾಯ್ದುಕೊಂಡು, ಮಿಗುವ ಗಳಿಕೆಯನ್ನು ಇಂದಿಗೂ ಬಜೆಟ್ಟಿಗೆ ಬಳಸುತ್ತಿದೆ.