ದೋಸೆಕಲ್ಲಿನಿಂದ ಗಲ್ಲಾದವರೆಗೆ

ಪ್ರಶ್ನೆ: ನಾನು ಕುಂದಾಪುರ ಕಡೆಯವನು. ಬಿ.ಕಾಂ. ಮುಗಿಸಿ ಮುಂಬಯಿಗೆ ಬಂದೆ, ಡೊಂಬಿವಲಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದೇನೆ. ಅಂಧೇರಿ ಪೂರ್ವದ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ನಾಲ್ಕು ವರ್ಷ ನಾಲ್ಕು ತಿಂಗಳ ಸರ್ವಿಸ್ ಆಯಿತು. ಕೊಟ್ಟ ಕೆಲಸಕ್ಕೆ ಒಂದು ದಿನವೂ ‘ಆಗುವುದಿಲ್ಲ’ ಅಂದವನಲ್ಲ. ತಿಂಗಳ ಕೊನೆಗೆ ರಾತ್ರಿ ಒಂಬತ್ತರವರೆಗೂ ಕೂತಿದ್ದೇನೆ. ನನಗಿಂತ ಎರಡು ವರ್ಷ ತಡವಾಗಿ ಸೇರಿದ ಹುಡುಗನನ್ನು ಏಪ್ರಿಲ್‌ನಲ್ಲಿ ಟೀಮ್ ಲೀಡರ್ ಮಾಡಿದರು. ಸಾಹೇಬರ ಹತ್ತಿರ ಕೇಳಿದರೆ ‘ನೀನಿಲ್ಲದೆ ಈ ಡಿಪಾರ್ಟ್‌ಮೆಂಟ್ ನಡೆಯುತ್ತದಾ?’ ಎಂದು ಬೆನ್ನು ತಟ್ಟಿದರು. ನಾನು ಮಾಡಿದ ತಪ್ಪೇನು? ಕೆಲಸ ಬಿಡಲೇ? ಆ ಹುಡುಗನ ಜತೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದೇನೆ, ಅದು ಸರಿಯೇ?
– ಹೆಸರು ಬೇಡ, ಡೊಂಬಿವಲಿ ಪೂರ್ವ

ಉತ್ತರ: ಸಾಹೇಬರು ಬೆನ್ನು ತಟ್ಟಿ ಹೇಳಿದ ಆ ಮಾತನ್ನು ನೀವು ಸಮಾಧಾನದ ಮಾತು ಎಂದುಕೊಂಡಿದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ ಮಾರಾಯ್ರೆ. ನೀವಿಲ್ಲದೆ ಆ ಟೇಬಲ್ ನಡೆಯುವುದಿಲ್ಲ, ಆದ್ದರಿಂದ ನಿಮ್ಮನ್ನು ಆ ಟೇಬಲ್ಲಿನಿಂದ ಎಬ್ಬಿಸುವುದಿಲ್ಲ.

ಹೋಟೆಲಿನ ಲೆಕ್ಕದಲ್ಲಿ ಹೇಳುತ್ತೇನೆ, ಕುಂದಾಪುರದವರಿಗೆ ಬೇಗ ತಿಳಿಯುತ್ತದೆ. ಮುಂಬಯಿಯ ಯಾವುದೇ ಉಡುಪಿ ಹೋಟೆಲಿನಲ್ಲಿ ಒಂದು ಏಣಿ ಇತ್ತು. ಊರಿಂದ ಬಂದ ಹುಡುಗ ಮೊದಲು ಲೋಟ ತೊಳೆಯುತ್ತಿದ್ದ, ಟೇಬಲ್ ಒರೆಸುತ್ತಿದ್ದ. ಆಮೇಲೆ ಸಪ್ಲೈಗೆ ಬರುತ್ತಿದ್ದ. ಕೆಲವರು ಅಲ್ಲಿಂದ ಗಲ್ಲಾದಲ್ಲಿ ಕೂತರು, ಮ್ಯಾನೇಜರ್ ಆದರು, ಇನ್ನಷ್ಟು ವರ್ಷ ಕಳೆದು ಯಾರದೋ ಜತೆ ಪಾರ್ಟ್‌ನರ್ ಆಗಿ ಬೋರ್ಡು ಹಾಕಿದರು. ಆದರೆ ಅದೇ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ಒಬ್ಬ ಭಟ್ಟರು ಇರುತ್ತಿದ್ದರು. ಅವರ ಕೈಯ ದೋಸೆಗಾಗಿಯೇ ಗಿರಾಕಿ ಬರುತ್ತಿದ್ದ. ಧಣಿಗಳು ಅವರಿಗೆ ಸಂಬಳ ಏರಿಸುತ್ತಿದ್ದರು, ಮಗಳ ಮದುವೆಗೆ ಸಾಲ ಕೊಡುತ್ತಿದ್ದರು, ದೋಸೆಕಲ್ಲಿನಿಂದ ಮಾತ್ರ ಬಿಡಿಸುತ್ತಿರಲಿಲ್ಲ. ಮೂವತ್ತು ವರ್ಷ ಅದೇ ಬಿಸಿಯ ಮುಂದೆ ನಿಂತ ಭಟ್ಟರನ್ನು ನಾನು ಕಂಡಿದ್ದೇನೆ. ಇದರಲ್ಲಿ ಅಗೌರವ ಏನೂ ಇಲ್ಲ. ಆದರೆ ನೀವು ಕೇಳುತ್ತಿರುವುದು ಗಲ್ಲಾಕ್ಕೆ ಹೋಗುವ ದಾರಿ.

ಹಾಗೆ ಹೋದವರು ಹೇಗೆ ಹೋದರು? ದೋಸೆ ಚೆನ್ನಾಗಿ ಹುಯ್ದದ್ದರಿಂದ ಅಲ್ಲ, ಲೆಕ್ಕ ಕಲಿತದ್ದರಿಂದ. ಕೋಟೆ (ಫೋರ್ಟ್) ಭಾಗದ ಕನ್ನಡ ರಾತ್ರಿಶಾಲೆಗಳು ಇದ್ದದ್ದೇ ಇದಕ್ಕೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿಶಾಲೆ ನಡೆಸಿತು, ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಪ್ರೌಢಶಾಲೆ ನಡೆಸಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಕಪ್ಪು ಬಸಿ ಎತ್ತಿದ ಹುಡುಗರು ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತಾ ಇಂಗ್ಲಿಷು, ಗಣಿತ ಕಲಿತರು. ಅವರಲ್ಲಿ ಕೆಲವರು ಬ್ಯಾಂಕಿಗೆ ಸೇರಿದರು, ಕೆಲವರು ವಕೀಲರಾದರು, ಕೆಲವರು ಹೋಟೆಲಿನಲ್ಲೇ ಉಳಿದು ಅದರ ಧಣಿಗಳಾದರು. ಅದೇ ಬಿಲ್ಲವರ ಸಂಘ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ಕಟ್ಟಿತು. ಮಾಟುಂಗ ಸ್ಟೇಶನ್ನಿನ ಎದುರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರೂ ಅಡುಗೆಮನೆಯಲ್ಲಿ ದುಡಿದೇ ಮೇಲೆ ಬಂದವರು. ಇವರೆಲ್ಲ ಇಂದಿನ ಕೆಲಸ ಮಾಡುತ್ತಲೇ ಒಂದು ಮೆಟ್ಟಿಲು ಮೇಲಿನ ಕೆಲಸಕ್ಕೆ ತಯಾರಾದರು. ನೀವು ನಾಲ್ಕು ವರ್ಷ ನಿಮ್ಮದೇ ಮೆಟ್ಟಿಲನ್ನು ಇನ್ನೂ ಇನ್ನೂ ಚೆನ್ನಾಗಿ ಉಜ್ಜಿದಿರಿ.

ನಿಮ್ಮ ವಿಭಾಗದಲ್ಲಿ 7ನೇ ತಾರೀಕಿಗೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಈ ತಾರೀಕುಗಳು ನಿಮಗೆ ಬಾಯಿಪಾಠ ಇರುತ್ತವೆ. ಆದರೆ 3ಬಿ ಹೋದ ಮೇಲೆ ಸಾಹೇಬರು ಡೈರೆಕ್ಟರರ ಮುಂದೆ ಯಾವ ಹಾಳೆ ಹಿಡಿದುಕೊಂಡು ಹೋಗುತ್ತಾರೆ, ಅಲ್ಲಿ ಅವರಿಗೆ ಯಾವ ಪ್ರಶ್ನೆ ಬೀಳುತ್ತದೆ ಎಂದು ನಿಮಗೆ ಗೊತ್ತೇ? ಆ ಟೀಮ್ ಲೀಡರ್ ಹುಡುಗನಿಗೆ ಗೊತ್ತಿರುತ್ತದೆ ಎಂದು ನಾನು ಪಂಥ ಕಟ್ಟುತ್ತೇನೆ. ಆ ಹಾಳೆಯನ್ನು ತಯಾರಿಸುವ ಕೆಲಸವನ್ನು ಒಂದು ತಿಂಗಳು ಕೇಳಿ ತೆಗೆದುಕೊಳ್ಳಿ. ‘ಸರ್, ಈ ಸಲದ ಎಂಐಎಸ್‌ನ ಮೊದಲ ಡ್ರಾಫ್ಟ್ ನಾನು ಮಾಡಲೇ, ನೀವು ತಿದ್ದಿ’ ಎಂದರೆ ಬೇಡ ಅನ್ನುವ ಸಾಹೇಬರು ಮುಂಬಯಿಯಲ್ಲಿ ಕಡಿಮೆ. ಅವರಿಗೂ ಆರೂವರೆಯ ಫಾಸ್ಟ್ ಹಿಡಿಯಬೇಕು.

ಅದಕ್ಕೆ ಸಮಯ ಎಲ್ಲಿಂದ ಎಂದು ನೀವು ಕೇಳುತ್ತೀರಿ. ಟ್ರೇನಿನಲ್ಲಿ ಓದಿ ಎಂದು ಸಲಹೆ ಕೊಡುವವರು ಬೆಳಿಗ್ಗೆ ಎಂಟೂವರೆಗೆ ಡೊಂಬಿವಲಿಯಲ್ಲಿ ಗಾಡಿ ಹತ್ತಿದವರಲ್ಲ. ಅಲ್ಲಿ ಪುಸ್ತಕ ಬಿಡಿಸುವುದು ಹಾಗಿರಲಿ, ಕೈ ಎತ್ತಿದರೆ ಇಳಿಸಲು ಜಾಗ ಇರುವುದಿಲ್ಲ. ಘಾಟ್ಕೋಪರಿನಲ್ಲಿ ಇಳಿದು ಮೆಟ್ರೋ ಹತ್ತಿದರೂ ಅಂಧೇರಿಯವರೆಗೆ ನಿಂತೇ ಹೋಗುವುದು. ಹಾಗಾಗಿ ಟ್ರೇನನ್ನು ಬಿಟ್ಟುಬಿಡಿ, ಸೀಟು ಸಿಕ್ಕಿದರೆ ನಿದ್ದೆ ಮಾಡಿ. ವಾರಕ್ಕೆ ಎರಡು ಸಂಜೆ ಆಫೀಸಿನಲ್ಲೇ ಮುಕ್ಕಾಲು ಗಂಟೆ ಇದಕ್ಕೆಂದು ಇಡಿ, ಬಾಕಿ ಉಳಿದ ಕೆಲಸಕ್ಕಲ್ಲ. ರಾತ್ರಿ ಒಂಬತ್ತರವರೆಗೆ ಕೂರುವ ನಿಮಗೆ ಇದು ಹೊಸ ಹೊರೆಯೇನಲ್ಲ, ಆ ಒಂಬತ್ತರಲ್ಲಿ ನಿಮ್ಮ ಪಾಲು ಸ್ವಲ್ಪ ಇರಲಿ ಅಷ್ಟೆ.

ಎರಡನೆಯ ವಿಷಯ, ಬಾಯಿ. ನಮ್ಮ ಕರಾವಳಿಯವರಿಗೆ ಒಂದು ನಂಬಿಕೆ ಇದೆ: ಕೆಲಸ ನೋಡಿದವರಿಗೆ ಗೊತ್ತಾಗುತ್ತದೆ, ಹೇಳಿಕೊಳ್ಳುವುದು ಬೊಗಳೆ ಎಂದು. ಊರಿನಲ್ಲಿ ಅದು ಸರಿ. ಅಲ್ಲಿ ಯಾರ ಗದ್ದೆ ಹೇಗಿದೆ ಎಂದು ಬಸ್ಸಿನಲ್ಲಿ ಹೋಗುವವರಿಗೂ ಕಾಣುತ್ತದೆ. ಇಲ್ಲಿ ನಿಮ್ಮ ಗದ್ದೆ ಕಂಪ್ಯೂಟರಿನ ಒಳಗಿದೆ. ಯಶವಂತ ಚಿತ್ತಾಲರು ಇದೇ ಊರಿನ ಕಂಪನಿಯಲ್ಲಿ ದುಡಿಯುತ್ತಾ ಬರೆದ ‘ಶಿಕಾರಿ’ (1979) ಓದಿದರೆ ಆಫೀಸಿನಲ್ಲಿ ಪ್ರತಿಯೊಬ್ಬನೂ ಬೇಟೆಗಾರನಂತೆ ಕಾಣುತ್ತಾನೆ, ನಾಗಪ್ಪನ ಹಾಗೆ ನಮಗೂ ಬೆನ್ನ ಹಿಂದೆ ಯಾರೋ ಬಲೆ ಹೆಣೆಯುತ್ತಿದ್ದಾರೆ ಅನ್ನಿಸುತ್ತದೆ. ದೊಡ್ಡ ಕಾದಂಬರಿ, ಓದಿರದಿದ್ದರೆ ಓದಿ. ಆದರೆ ನನ್ನ ಮೂವತ್ತೈದು ವರ್ಷದ ಚಾಕರಿಯಲ್ಲಿ ನಾನು ಕಂಡದ್ದು ಪಿತೂರಿಗಿಂತ ಹೆಚ್ಚು ಮರೆವು. ಸಾಹೇಬರು ನಿಮ್ಮ ವಿರುದ್ಧ ಏನೂ ಮಾಡಿರಲಿಕ್ಕಿಲ್ಲ. ಮಾರ್ಚಿನಲ್ಲಿ ಹೆಸರು ಬರೆಯಲು ಕೂತಾಗ ನೀವು ಕಳೆದ ಜುಲೈಯಲ್ಲಿ ಮಾಡಿದ್ದು ಅವರಿಗೆ ನೆನಪೇ ಬಂದಿರಲಿಕ್ಕಿಲ್ಲ.

ಆದ್ದರಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಪ್ರತಿ ಶುಕ್ರವಾರ ಹೊರಡುವ ಮುಂಚೆ ನಾಲ್ಕು ಸಾಲು ಬರೆಯಿರಿ. ‘ವೆಂಡರ್ ಲೆಡ್ಜರ್ ನೋಡಿದೆ’ ಎಂದಲ್ಲ. ‘ಇಂಥ ವೆಂಡರಿನ ಎರಡು ವರ್ಷದ ವ್ಯತ್ಯಾಸ ಸಿಕ್ಕಿತು, ಕ್ರೆಡಿಟ್ ನೋಟು ಬರಬೇಕಿತ್ತು, ತರಿಸಿದೆ, ಇಷ್ಟು ರೂಪಾಯಿ ಉಳಿಯಿತು’ ಎಂದು. ಮೊತ್ತ, ತಾರೀಕು, ಯಾರಿಗೆ ಉಪಯೋಗವಾಯಿತು ಎಂಬುದು ಇರಲಿ. ಮಾರ್ಚಿನಲ್ಲಿ ಅಪ್ರೈಸಲ್ ಫಾರ್ಮ್ ಬಂದಾಗ ಬೇರೆಯವರು ಮೇಲೆ ನೋಡುತ್ತಾ ಪೆನ್ನು ಕಚ್ಚುವಾಗ ನೀವು ಆ ನೋಟ್‌ಬುಕ್ ಬಿಡಿಸುತ್ತೀರಿ. ತಿಂಗಳಿಗೊಮ್ಮೆ ಅದರಿಂದ ಮೂರು ಸಾಲು ಸಾಹೇಬರಿಗೆ ಮೇಲ್ ಮಾಡಿ, ಜತೆಗೆ ಮುಂದಿನ ತಿಂಗಳು ಏನು ಎತ್ತಿಕೊಳ್ಳುತ್ತೀರಿ ಎಂದೂ. ಇದು ಬೊಗಳೆಯಲ್ಲ, ಪಾಸ್‌ಬುಕ್ ಎಂಟ್ರಿ.

ಮೀಟಿಂಗಿನಲ್ಲಿ ಸುಮ್ಮನಿರುವ ಅಭ್ಯಾಸವೂ ನಿಮಗೆ ಇರಬಹುದು, ಕನ್ನಡ ಮಾಧ್ಯಮದ ನನಗಂತೂ ಇತ್ತು. ಹಿಂದಿಯ ಲಿಂಗ ತಪ್ಪಿದರೆ, ಇಂಗ್ಲಿಷಿನ ಕಾಲ ತಪ್ಪಿದರೆ ಎಂಬ ಹೆದರಿಕೆ. ನಾನು ಹೇಳಬೇಕಾದ ಒಂದು ವಾಕ್ಯವನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಮೊದಲ ಹತ್ತು ನಿಮಿಷದಲ್ಲೇ ಹೇಳಿ ಮುಗಿಸುತ್ತಿದ್ದೆ. ತಡ ಮಾಡಿದಷ್ಟು ಗಂಟಲು ಕಟ್ಟುತ್ತದೆ. ಮರಾಠಿಯನ್ನೂ ಬಿಡಬೇಡಿ. ಪ್ಯೂನ್, ಲಿಫ್ಟ್‌ಮನ್, ಡಿಸ್ಪ್ಯಾಚಿನ ಅಕ್ಕ ಇವರ ಹತ್ತಿರ ಮರಾಠಿಯಲ್ಲಿ ಎರಡು ಮಾತಾಡುವವನ ಕಾಗದ ಆಫೀಸಿನಲ್ಲಿ ಬೇಗ ಓಡುತ್ತದೆ.

ಇಷ್ಟು ಹೇಳಿ ನನ್ನ ತಪ್ಪು ಹೇಳದಿದ್ದರೆ ನ್ಯಾಯವಲ್ಲ. ನರಿಮನ್ ಪಾಯಿಂಟಿನ ಒಂದು ಕಂಪನಿಯಲ್ಲಿ ನಾನು ಹೊಸಬ. ಒಂದು ಟೆಂಡರಿನ ದರಪಟ್ಟಿಯಲ್ಲಿ ನಾನೇ ಹಾಕಿದ ಮೊತ್ತ ತಪ್ಪಿದೆ ಎಂದು ಶುಕ್ರವಾರ ಸಂಜೆ ಐದೂಮುಕ್ಕಾಲಿಗೆ ಕಣ್ಣಿಗೆ ಬಿತ್ತು. ಸಾಹೇಬರು ಕೋಟು ಹಾಕಿಕೊಂಡು ಹೊರಟಿದ್ದರು. ಸೋಮವಾರ ಬೇಗ ಬಂದು ಸದ್ದಿಲ್ಲದೆ ತಿದ್ದಿಬಿಟ್ಟರಾಯಿತು ಎಂದುಕೊಂಡೆ. ಶನಿವಾರ ಅರ್ಧ ದಿನ ಆಫೀಸಿತ್ತು, ನನಗೆ ರಜೆ ಇತ್ತು. ಆ ಅರ್ಧ ದಿನದಲ್ಲೇ ಲಕೋಟೆ ಹೋಗಿಯಾಗಿತ್ತು. ಮೊತ್ತ ತಪ್ಪಿದ್ದಕ್ಕೆ ಸಾಹೇಬರು ಹೆಚ್ಚು ಬೈಯಲಿಲ್ಲ. ‘ಶುಕ್ರವಾರವೇ ಗೊತ್ತಿತ್ತಾ?’ ಎಂದು ಕೇಳಿದರು. ಹೌದೆಂದೆ. ಆಮೇಲೆ ಎರಡು ವರ್ಷ ನನ್ನ ಕೈಯ ಪ್ರತಿಯೊಂದು ಕಾಗದವನ್ನೂ ಇನ್ನೊಬ್ಬ ಪರೀಕ್ಷಿಸಿದ ಮೇಲೆಯೇ ಅವರ ಟೇಬಲ್ಲಿಗೆ ಹೋಗುತ್ತಿತ್ತು. ಅಂದಿನಿಂದ ಕೆಟ್ಟ ಸುದ್ದಿಯನ್ನು ನಾನು ಲಿಫ್ಟಿನ ಬಾಗಿಲಲ್ಲಾದರೂ ನಿಲ್ಲಿಸಿ ಹೇಳಿದ್ದೇನೆ.

ಇನ್ನೊಂದು ಸಣ್ಣ ತಪ್ಪು ಮುಂಬಯಿ ಕನ್ನಡಿಗರದ್ದೇ. ಗಾಡಿಯಲ್ಲಿ ಸಾಹೇಬರನ್ನು ತುಳುವಿನಲ್ಲಿ ಬೈಯುವುದು, ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ. ತುಳು ಗೊತ್ತಿರುವವರು ಒಬ್ಬರಾದರೂ ಇಲ್ಲದ ಡಬ್ಬಿ ಈ ಊರಿನಲ್ಲಿಲ್ಲ. ನಿಮ್ಮ ಕುಂದಾಪುರ ಕನ್ನಡವೂ ಅಷ್ಟೇ.

ಕೆಲಸ ಬಿಡಲೇ ಎಂದು ಕೇಳಿದ್ದೀರಿ. ಸಿಟ್ಟಿನಲ್ಲಿ ಬೇಡ, ಲೆಕ್ಕ ಹಾಕಿ ಬಿಡುವುದಾದರೆ ಬಿಡಿ. ನೀವು ಅಕೌಂಟ್ಸಿನವರು, ನಿಮಗೇ ಗೊತ್ತಿರಬೇಕಿತ್ತು: ಖಾಯಂ ನೌಕರನಿಗೆ ಗ್ರಾಚ್ಯುಯಿಟಿ ಸಿಗಲು ಸಾಮಾನ್ಯವಾಗಿ 5 ವರ್ಷದ ಸತತ ಸರ್ವಿಸ್ ಬೇಕು, ವರ್ಷಕ್ಕೆ 15 ದಿನದ ವೇತನದ ಲೆಕ್ಕ. ನಿಮಗೆ ಇನ್ನು ಎಂಟೇ ತಿಂಗಳು. ಬಿಟ್ಟರೂ ಪಿಎಫ್ ಹಣ ತೆಗೆದು ಬೈಕು ಕೊಳ್ಳಬೇಡಿ, ಅದೇ ಯುಎಎನ್‌ಗೆ ವರ್ಗಾಯಿಸಿ. 5 ವರ್ಷದ ಒಳಗೆ ತೆಗೆದರೆ ತೆರಿಗೆಯೂ ಬೀಳುತ್ತದೆ. ನೋಟಿಸ್ ಪೀರಿಯಡ್ ಪೂರ್ತಿ ಮಾಡಿ, ರಿಲೀವಿಂಗ್ ಲೆಟರ್ ಕೈಯಲ್ಲಿ ಹಿಡಿದೇ ಹೊರಬನ್ನಿ. ಬಿಟ್ಟ ಕಡೆಗೆ ತಿರುಗಿ ಬರುವ ದಿನವೂ ಇರಬಹುದು. ಮಂಗಳೂರಿನ ಕೆ.ವಿ. ಕಾಮತರು ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್, ಅಹಮದಾಬಾದಿನಲ್ಲಿ ಮ್ಯಾನೇಜ್‌ಮೆಂಟ್ ಓದಿ 1971ರಲ್ಲಿ ಐಸಿಐಸಿಐ ಸೇರಿದರು, 1988ರಲ್ಲಿ ಅದನ್ನು ಬಿಟ್ಟು ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿಗೆ ಹೋದರು, 1996ರಲ್ಲಿ ಅದೇ ಐಸಿಐಸಿಐಗೆ ಮುಖ್ಯಸ್ಥರಾಗಿ ಬಂದರು. ನಾವು ನೀವು ಕಾಮತರಲ್ಲ ಬಿಡಿ, ಆದರೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಿಂದ ಅಂಧೇರಿಯವರೆಗೆ ಅಕೌಂಟ್ಸಿನ ಜನ ಒಬ್ಬರಿಗೊಬ್ಬರು ಗೊತ್ತಿರುವಷ್ಟೇ ಚಿಕ್ಕ ಊರು ಇದು.

ಆ ಎಂಟು ತಿಂಗಳಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಟೇಬಲ್ಲಿನ ಕೆಲಸವನ್ನು ಇನ್ನೊಬ್ಬನಿಗೆ ಕಲಿಸಿ. ಇದನ್ನೇ ನೀವು ಹೆದರಿ ಮಾಡಿಲ್ಲ ಎಂದು ನನ್ನ ಗುಮಾನಿ, ಕಲಿಸಿದರೆ ನಿಮ್ಮ ಬೆಲೆ ಇಳಿಯುತ್ತದೆ ಎಂದು. ಮೇ ತಿಂಗಳಲ್ಲಿ ಊರಿಗೆಂದು ಕುರ್ಲಾದಿಂದ ಮತ್ಸ್ಯಗಂಧಾ ಗಾಡಿ ಹತ್ತುವ ಮುಂಚೆ ಪ್ರತಿಯೊಂದು ಕೆಲಸದ ಕ್ರಮ, ಪಾಸ್‌ವರ್ಡ್ ಯಾರ ಹತ್ತಿರ, ಯಾವ ವೆಂಡರಿಗೆ ಯಾರು ಫೋನು ಮಾಡಬೇಕು ಎಲ್ಲ ಎರಡು ಪುಟದಲ್ಲಿ ಬರೆದು ಒಬ್ಬ ಹೊಸ ಹುಡುಗನ ಕೈಗೆ ಕೊಡಿ. ಹತ್ತು ದಿನ ಊರಲ್ಲಿ ಫೋನು ಬಾರದೆ ಕಳೆದರೆ ತಿರುಗಿ ಬಂದ ದಿನವೇ ಸಾಹೇಬರ ಕೋಣೆಗೆ ಹೋಗಿ. ‘ನಾನಿಲ್ಲದೆ ನಡೆಯಿತು ಸರ್. ಈಗ ನನಗೆ ಮುಂದಿನದ್ದು ಕೊಡಿ. ಅದಕ್ಕೆ ನನ್ನಲ್ಲಿ ಏನು ಕಡಿಮೆ ಇದೆ ಹೇಳಿ, ಆರು ತಿಂಗಳಲ್ಲಿ ಕಲಿಯುತ್ತೇನೆ’ ಎಂದು ಕೇಳಿ. ಕೇಳುವಾಗ ಆ ಹುಡುಗನ ಹೆಸರು ಎತ್ತಬೇಡಿ. ಆರು ತಿಂಗಳಾದ ಮೇಲೂ ಬೆನ್ನು ತಟ್ಟುವುದೊಂದೇ ಉತ್ತರವಾದರೆ, ನಿಮ್ಮ ನೋಟ್‌ಬುಕ್ಕಿನಿಂದ ಬಯೋಡೇಟಾ ಬರೆಯಲು ಒಂದು ಭಾನುವಾರ ಸಾಕು.

ಊಟದ ವಿಷಯ ಉಳಿಯಿತು. ನಾಳೆಯೇ ಹೋಗಿ ಅವನ ಟೇಬಲ್ಲಿನಲ್ಲಿ ಡಬ್ಬಿ ಬಿಚ್ಚಿ. ಬಡ್ತಿಯನ್ನು ಅವನು ಕದ್ದದ್ದಲ್ಲ, ಮೇಲಿನ ಕೋಣೆಯಲ್ಲಿ ಏನು ಕೇಳುತ್ತಾರೆ ಎಂದು ನಿಮಗೆ ಸುಲಭವಾಗಿ ಹೇಳಬಲ್ಲವನೂ ಸದ್ಯ ಅವನೊಬ್ಬನೇ. ಚಿಕ್ಕಮ್ಮ ನೀರುದೋಸೆ ಮಾಡಿದ ದಿನವಾದರೆ ನಾಲ್ಕು ಹೆಚ್ಚು ಹಾಕಿಸಿಕೊಳ್ಳಿ.