ಒಂದು ಪಾವು ಎಂದರೆ ಎಷ್ಟು ಗ್ರಾಂ?

ಪ್ರಶ್ನೆ: ನಮ್ಮ ಅತ್ತೆ ಬರೆದಿಟ್ಟ ಅಡುಗೆ ಪುಸ್ತಕದಲ್ಲಿ ಎಲ್ಲವೂ ಪಾವು, ಬಟ್ಟಲು, ಚಮಚದ ಲೆಕ್ಕ. ಈಚೆಗೆ ಡಿಜಿಟಲ್ ತಕ್ಕಡಿ ಕೊಂಡೆ. ಕಡಲೆಹಿಟ್ಟು 1, ಸಕ್ಕರೆ 2, ತುಪ್ಪ 2 ಎಂದು ತೂಗಿ ಮೈಸೂರು ಪಾಕ್ ಮಾಡಿದರೆ ಒಣಗಿ ಪುಡಿಯಾಯಿತು. ಪಾವನ್ನು ಗ್ರಾಂಗೆ ತರುವುದು ಹೇಗೆ?

ಉತ್ತರ: ನಿಮ್ಮ ಕೈಯದೇನೂ ತಪ್ಪಿಲ್ಲ. ಅತ್ತೆಯವರ 1:2:2 ಬಟ್ಟಲಿನ ಲೆಕ್ಕ. ಅದನ್ನು ಹಾಗೆಯೇ ತಕ್ಕಡಿಗೆ ಏರಿಸಿದ್ದರಿಂದ ಸಕ್ಕರೆ, ತುಪ್ಪ ಎರಡೂ ಅರ್ಧಕ್ಕರ್ಧ ಕಡಿಮೆ ಬಿದ್ದಿವೆ.

240 ಮಿಲಿಲೀಟರ್ ಹಿಡಿಯುವ ಬಟ್ಟಲಿಗೆ ಜರಡಿ ಹಿಡಿದ ಕಡಲೆಹಿಟ್ಟು ತುಂಬಿದರೆ ಸುಮಾರು 100 ಗ್ರಾಂ ತೂಗುತ್ತದೆ, ಸಕ್ಕರೆಯಾದರೆ 200. ಹಿಟ್ಟಿನ ಕಣಗಳ ನಡುವೆ ಗಾಳಿ ಹೆಚ್ಚು, ಅದಕ್ಕೇ ಅದು ಹಗುರ. ಹಾಗಾಗಿ 100 ಗ್ರಾಂ ಹಿಟ್ಟಿಗೆ ಎರಡು ಬಟ್ಟಲು ಸಕ್ಕರೆ ಎಂದರೆ 400 ಗ್ರಾಂ, ಎರಡು ಬಟ್ಟಲು ಕರಗಿದ ತುಪ್ಪ ಎಂದರೆ 430ರ ಆಸುಪಾಸು. ತೂಕದಲ್ಲಿ ಅದು 1:4:4ಕ್ಕೂ ಸ್ವಲ್ಪ ಮೇಲೆಯೇ.

ಇಡ್ಲಿಗೆ ಈ ತೊಂದರೆ ಬರುವುದಿಲ್ಲ. ಅಕ್ಕಿ, ಉದ್ದಿನಬೇಳೆ ಎರಡೂ ಬಟ್ಟಲಿಗೆ 190–200 ಗ್ರಾಂ ತೂಗುವುದರಿಂದ ಮೂರಕ್ಕೆ ಒಂದು ಎಂಬ ಲೆಕ್ಕ ತಕ್ಕಡಿಯಲ್ಲೂ ನಡೆಯುತ್ತದೆ. ಮೈದಾ ಮಾತ್ರ ಮಹಾ ಚಂಚಲ. ಚಮಚದಿಂದ ಹಗುರವಾಗಿ ತುಂಬಿದರೆ 120 ಗ್ರಾಂ. ಬಟ್ಟಲನ್ನೇ ಡಬ್ಬಕ್ಕಿಳಿಸಿ ಒತ್ತಿ ತೆಗೆದರೆ ಅದೇ ಬಟ್ಟಲಿನಲ್ಲಿ 150. ಮನೆಯ ಕೇಕ್ ಒಂದು ಸಲ ಮೃದು, ಇನ್ನೊಂದು ಸಲ ಗಟ್ಟಿಯಾಗುವುದಕ್ಕೆ ಎಷ್ಟೋ ಬಾರಿ ಇಷ್ಟೇ ಕಾರಣ.

ಇನ್ನು ಪಾವಿನ ಮಾತು. ನಾಲ್ಕು ಪಾವಿಗೆ ಒಂದು ಸೇರು ಎನ್ನುವುದು ನಿಜ. ಆದರೆ ಸೇರು ಊರಿಂದೂರಿಗೆ ಬೇರೆ, ತೂಕದ ಸೇರೇ ಬೇರೆ, ಅಳತೆಯ ಸೇರೇ ಬೇರೆ. 1956ರ ಕಾಯ್ದೆಯಿಂದ ಮೆಟ್ರಿಕ್ ಪದ್ಧತಿ ಬಂದು ಅಂಗಡಿಗಳಲ್ಲಿ ಕಿಲೋ ನೆಲೆಯಾಯಿತು, ಪಾವು ಮಾತ್ರ ಅಕ್ಕಿ ಡಬ್ಬದೊಳಗೇ ಉಳಿಯಿತು. ನಮ್ಮ ಅಜ್ಜಿಯ ಹಿತ್ತಾಳೆ ಪಾವು 220 ಗ್ರಾಂ ನೀರು ಹಿಡಿಯುತ್ತದೆ, ನಾನು ಕೊಂಡ ಸ್ಟೀಲಿನದು 250. ಅದಕ್ಕೇ ಯಾರದೋ ಪಟ್ಟಿ ನೋಡಿ ಪಾವಿಗೆ ಇಷ್ಟು ಗ್ರಾಂ ಎಂದು ನಂಬಬೇಡಿ.

ಅತ್ತೆಯವರು ಬಳಸುತ್ತಿದ್ದ ಪಾವನ್ನೇ ಹುಡುಕಿ ತೆಗೆಯಿರಿ. ಖಾಲಿ ಪಾವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಎಷ್ಟು ಗ್ರಾಂ ಬಂತೋ ಅಷ್ಟು ಮಿಲಿಲೀಟರ್ ಅದರ ಅಳತೆ. ಆಮೇಲೆ ಒರೆಸಿ ಒಣಗಿಸಿ ಅಕ್ಕಿ, ಬೇಳೆ, ರವೆ, ಹಿಟ್ಟನ್ನು ಒಂದೊಂದಾಗಿ ತುಂಬಿ ತೂಗಿ. ಪ್ರತಿಯೊಂದನ್ನೂ ಮೂರು ಸಲ ತೂಗಿ ಸರಾಸರಿ ಹಿಡಿಯಿರಿ. ಅವರು ತಲೆ ಸವರಿ ಅಳೆಯುತ್ತಿದ್ದರೋ ಗೋಪುರ ಕಟ್ಟಿ ಅಳೆಯುತ್ತಿದ್ದರೋ ಕೇಳಿ ತಿಳಿಯಿರಿ. ಅಕ್ಕಿಯಲ್ಲಿ ಆ ಗೋಪುರವೇ ಒಂದು ಹಿಡಿಯಾಗುತ್ತದೆ. ಬಂದ ಅಂಕಿಯನ್ನು ಪುಸ್ತಕದಲ್ಲೇ, ಅವರ ಅಕ್ಷರದ ಪಕ್ಕದಲ್ಲಿ ಬರೆಯಿರಿ.

ಉಪ್ಪಿನಕಾಯಿಗಂತೂ ತೂಕವನ್ನೇ ನೆಚ್ಚಿಕೊಳ್ಳಿ. ಕಲ್ಲುಪ್ಪಿನ ಹರಳುಗಳ ನಡುವೆ ಸಂದು ಹೆಚ್ಚು. ಪಾವು ಕಲ್ಲುಪ್ಪು ಎಂದಿರುವ ಕಡೆ ಪಾವು ಪುಡಿಯುಪ್ಪು ಸುರಿದರೆ ಕಾಯಿ ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ. ಒಗ್ಗರಣೆಯ ಸಾಸಿವೆ, ಇಂಗು, ಅರಿಸಿನಕ್ಕೆ ಮಾತ್ರ ಚಮಚವೇ ಇರಲಿ. ಒಂದೊಂದು ಗ್ರಾಂ ತೋರಿಸುವ ಮನೆಯ ತಕ್ಕಡಿಗೆ ಚಿಟಿಕೆ ಇಂಗು ತಿಳಿಯುವುದೇ ಇಲ್ಲ.