ಬಂಪರ್‌ಗೆ ವಿಮೆ ಇತ್ತು, ತೊಡೆಮೂಳೆಗೆ ಇರಲಿಲ್ಲ

ಅಪಘಾತದ ನಂತರ ನನ್ನ ಕಾರಿಗೆ ಬಂದ ಕ್ಲೇಮು 2,39,000 ರೂಪಾಯಿ. ಅದೇ ಪಾಲಿಸಿಯಿಂದ ಕಾರು ಓಡಿಸುತ್ತಿದ್ದ ನನಗೆ ಬಂದದ್ದು ಸೊನ್ನೆ.

ಕಳೆದ ಕಡಲೆ ಸುಗ್ಗಿಯಲ್ಲಿ ಮುಂಡರಗಿಯಿಂದ ಗದಗಕ್ಕೆ ರಾತ್ರಿ ವಾಪಸಾಗುತ್ತಿದ್ದೆ. ಡಂಬಳ ದಾಟಿದ ಮೇಲೆ ಕತ್ತಲಲ್ಲಿ ಕೆಟ್ಟು ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದಿನಿಂದ ಗುದ್ದಿದೆ. ಅದಕ್ಕೆ ದೀಪವಿಲ್ಲ, ರೇಡಿಯಂ ಪಟ್ಟಿಯಿಲ್ಲ, ವಿಮೆಯೂ ಇಲ್ಲ. ಬೆಲ್ಟ್ ಹಿಡಿಯಿತು, ಏರ್‌ಬ್ಯಾಗ್ ಬಿಚ್ಚಿತು, ಬಲತೊಡೆಯ ಮೂಳೆ ಮುರಿಯಿತು. ಜೀವ ಉಳಿಯಿತು.

ಬೆಟಗೇರಿಯ ನೇಕಾರರು, ಲಕ್ಷ್ಮೇಶ್ವರದ ಅಡತಿ ಅಂಗಡಿಯವರು, ನಾನು ತೆರಿಗೆ ಲೆಕ್ಕ ಬರೆದುಕೊಡುವ ಎಲ್ಲರೂ ನೋಡಲು ಬಂದರು. 'ದೊಡ್ಡ ಗಂಡಾಂತರ ತಪ್ಪೇತಿ ಬಿಡ್ರಿ ಸರ' ಎಂದು ಶುರುಮಾಡಿ ಪ್ರತಿಯೊಬ್ಬರೂ ತಮ್ಮದೊಂದು ಗಂಡಾಂತರ ಹೇಳಿದರು. ಶಿರಹಟ್ಟಿಯ ಹಿರಿಯರೊಬ್ಬರು ರಸ್ತೆ ಮೇಲೆ ಒಕ್ಕಲು ಹಾಕಿದ್ದ ಹೊಟ್ಟಿನಲ್ಲಿ ಬೈಕ್ ಜಾರಿ ಲಾರಿ ಗಾಲಿಯ ಪಕ್ಕದಲ್ಲೇ ಬಿದ್ದಿದ್ದರಂತೆ. ಫಕೀರೇಶ್ವರ ಮಠಕ್ಕೆ ಹರಕೆ ತೀರಿಸಿ ಬಂದಿದ್ದರು. ಒಳ್ಳೆಯದೇ. ಆಮೇಲೆ ಪಾಲಿಸಿ ಕಾಗದ ತೆಗೆದು ನೋಡಿದಿರಾ ಎಂದು ಕೇಳಿದೆ. ಚಹಾ ಆರುತ್ತಿದೆ ಎಂದರು.

ಶೋರೂಮಿನಲ್ಲಿ ಕಾರು ಕೊಳ್ಳುವಾಗ ನಾನೂ ಸವಕಳಿ ಕಳೆಯದೆ ಕ್ಲೇಮು ಕೊಡುವ ಝೀರೋ ಡೆಪ್‌ಗೆ ತಟ್ಟನೆ ಒಪ್ಪಿದ್ದೆ. ಅದು ದಂಡವೇನಲ್ಲ. ದುರಸ್ತಿ ಬಿಲ್ಲು 2,40,000. ಅದರಲ್ಲಿ ಲೋಹದ ಭಾಗ 80,000, ಪ್ಲಾಸ್ಟಿಕ್, ರಬ್ಬರ್, ಏರ್‌ಬ್ಯಾಗ್ 90,000, ಗಾಜು 20,000, ಕೂಲಿ 50,000. ಕಾರಿಗೆ ಮೂರು ವರ್ಷ ದಾಟಿತ್ತು. ಮಾಮೂಲಿ ಪಾಲಿಸಿಯಾಗಿದ್ದರೆ ಲೋಹಕ್ಕೆ ಶೇ 25ರಂತೆ 20,000, ಪ್ಲಾಸ್ಟಿಕ್, ಏರ್‌ಬ್ಯಾಗ್‌ಗೆ ಶೇ 50ರಂತೆ 45,000 ಕಡಿತ. ಗಾಜಿಗೆ ಕಡಿತವಿಲ್ಲ. ಒಟ್ಟು 65,000 ಉಳಿಯಿತು, ಕಡ್ಡಾಯದ 1,000 ಮಾತ್ರ ಕೈಯಿಂದ ಹೋಯಿತು. ಇದಕ್ಕೆ ವರ್ಷಕ್ಕೆ 3,600ರಂತೆ ನಾಲ್ಕು ಕಂತು, 14,400 ಕಟ್ಟಿದ್ದೆ. ರೂಪಾಯಿಗೆ ನಾಲ್ಕೂವರೆ ರೂಪಾಯಿ ಬಂದಂತಾಯಿತು.

ಇನ್ನು ಮನುಷ್ಯನ ಲೆಕ್ಕ. ಆಸ್ಪತ್ರೆಯ ಬಿಲ್ಲನ್ನು ಮನೆಯವರೆಲ್ಲರ ಆರೋಗ್ಯ ವಿಮೆ (ಫ್ಲೋಟರ್) ನೋಡಿಕೊಂಡಿತು. ಆದರೆ ಮೂರೂವರೆ ತಿಂಗಳು ಹಾಸಿಗೆ ಹಿಡಿದೆ. ನನ್ನಂಥವನಿಗೆ ಸಂಬಳದ ರಜೆ ಎಲ್ಲಿಂದ ಬರಬೇಕು? ತಿಂಗಳಿಗೆ 60,000ದಂತೆ 2,10,000 ಹೋಯಿತು. ಫಿಸಿಯೋಥೆರಪಿ 18,000, ಬಾಡಿಗೆ ಕಾರು 22,000. ಒಟ್ಟು ಎರಡೂವರೆ ಲಕ್ಷ. ಮನೆಯ ಬಂಗಾರ ಅಡವಿಗೆ ಹೋಯಿತು.

ಓನರ್-ಡ್ರೈವರ್‌ಗೆ 15 ಲಕ್ಷದ ಪಿಎ (ಪರ್ಸನಲ್ ಆ್ಯಕ್ಸಿಡೆಂಟ್) ಕವರ್ ಇದೆಯಲ್ಲ ಎನ್ನುತ್ತೀರಿ. ಇದೆ. ಸತ್ತರೆ ಪೂರ್ತಿ, ಎರಡು ಕೈಕಾಲು ಅಥವಾ ಎರಡೂ ಕಣ್ಣು ಹೋದರೆ ಪೂರ್ತಿ, ಒಂದು ಹೋದರೆ ಅರ್ಧ. ಮುರಿದು ಕೂಡಿಕೊಳ್ಳುವ ಮೂಳೆಗೆ ಏನೂ ಇಲ್ಲ. ಬದುಕಿ ಉಳಿದವನ ಖಾಲಿ ತಿಂಗಳುಗಳು ಅದರ ಪಟ್ಟಿಯಲ್ಲೇ ಇಲ್ಲ.

ಆ ತಿಂಗಳುಗಳಿಗೆ ಬೇಕಾದದ್ದು ಪ್ರತ್ಯೇಕ ಪರ್ಸನಲ್ ಆ್ಯಕ್ಸಿಡೆಂಟ್ ಪಾಲಿಸಿ, ಅದರಲ್ಲೂ ಟಿಟಿಡಿ (ತಾತ್ಕಾಲಿಕವಾಗಿ ದುಡಿಯಲಾಗದಾಗ ವಾರಕ್ಕಿಷ್ಟು ಹಣ) ಇರುವಂಥದ್ದು. ನಾನು ಆಮೇಲೆ ಕೊಂಡದ್ದು 10 ಲಕ್ಷದ್ದು, ವರ್ಷಕ್ಕೆ 1,900. ವಾರಕ್ಕೆ ಶೇ 1, ಅಂದರೆ 10,000. ಅದೇ ನಾಲ್ಕು ವರ್ಷ 7,600 ಕಟ್ಟಿದ್ದರೆ ಹದಿನೈದು ವಾರಕ್ಕೆ 1,50,000 ಬರುತ್ತಿತ್ತು. ರೂಪಾಯಿಗೆ ಸುಮಾರು ಇಪ್ಪತ್ತು. ಕೊಳ್ಳುವಾಗ ವಾರದ ಗರಿಷ್ಠ ಮಿತಿ ಎಷ್ಟೆಂದು ಕೇಳಿ. ಕೆಲವು ಪಾಲಿಸಿಗಳಲ್ಲಿ ಅದು ಇದಕ್ಕಿಂತ ಬಹಳ ಕಡಿಮೆ.

ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಪರಿಹಾರ ಸಿಗುತ್ತದೆ ಎಂದು ಕೂರುವುದು ಬೇಡ. 2014ರಲ್ಲಿ ಅರಸೀಕೆರೆ ಹತ್ತಿರ ಕಾರು ಮಗುಚಿ ತೀರಿಕೊಂಡವರೊಬ್ಬರ ಕುಟುಂಬ 80 ಲಕ್ಷ ಕೇಳಿತ್ತು. ಓಡಿಸುತ್ತಿದ್ದವರು ಅವರೇ, ಅತಿವೇಗವೂ ಅವರದೇ ಎಂದು ನ್ಯಾಯಮಂಡಳಿ, ಹೈಕೋರ್ಟ್, ಕೊನೆಗೆ 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಕೂಡ ಪರಿಹಾರ ನಿರಾಕರಿಸಿದವು. ತಪ್ಪು ನಿಮ್ಮದೇ ಆದಾಗ ಕೊಡುವುದು ನೀವೇ ಕಟ್ಟಿದ ಪಾಲಿಸಿ ಮಾತ್ರ.

ಹಾಸಿಗೆಯಲ್ಲಿದ್ದಾಗಲೇ ಒಬ್ಬ ಏಜೆಂಟ್ ಬಂದ. 'ಸರ, ವರ್ಷಕ್ಕ 15,000, ಹತ್ತು ವರ್ಷ ಕಟ್ರಿ, ಏನೂ ಆಗ್ಲಿಲ್ಲಂದ್ರ ಪೂರಾ ವಾಪಸ್ ಬರ್ತೈತ್ರಿ.' ಈ ವಾಪಸ್ ಪಾಲಿಸಿಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. 1,900 ಕಳೆದು ಉಳಿದ 13,100ನ್ನು ವರ್ಷವರ್ಷ ಶೇ 6.5ಕ್ಕೆ ಇಟ್ಟರೂ 1.88 ಲಕ್ಷವಾಗುತ್ತದೆ, ಅವನು ಕೊಡುವುದು ಒಂದೂವರೆ. ಬಾಗಿಲು ತೋರಿಸಿದೆ, ಏಳಲು ಬಂದಿದ್ದರೆ ಬೀದಿಯವರೆಗೂ ಕಳಿಸಿಬರುತ್ತಿದ್ದೆ.

ಇನ್ನೊಂದು ಮಾತು, ಇದು ದುಡ್ಡಿನದಲ್ಲ. ಟ್ರೇಲರ್ ಹಿಂದೆ ರೇಡಿಯಂ ಅಂಟಿಸಲು ಒಂದು ಕಡಲೆ ಚೀಲದ ಬೆಲೆಯೂ ಬೇಕಿಲ್ಲ. ಒಕ್ಕಲಿಗೆ ಕಣ ಇದೆ, ರಸ್ತೆ ಯಾಕೆ? ಹಿಂದಿನ ಸೀಟಿನಲ್ಲಿ ಕೂತ ಅಕ್ಕ, ಅತ್ತಿಗೆಯರೂ ಬೆಲ್ಟ್ ಹಾಕಲಿ. ಸುಗ್ಗಿಯಲ್ಲಿ ರಾತ್ರಿ ಪ್ರಯಾಣ ಬಿಟ್ಟರೆ ಇನ್ನೂ ಒಳ್ಳೆಯದು.

ಅಪಘಾತವಾದರೆ ಮೊದಲ ಏಳು ದಿನಕ್ಕೆ 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರ ಮೇಯಿಂದ ಇದೆ. ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ. ದೊಡ್ಡ ಪಾಲಿಸಿ ಸದ್ಯಕ್ಕೆ ಆಗದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ: ವರ್ಷಕ್ಕೆ 20 ರೂಪಾಯಿ, 18ರಿಂದ 70 ವಯಸ್ಸಿನವರಿಗೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ. ಮೂಳೆ ಮುರಿದರೆ ಇದೂ ಕೊಡುವುದಿಲ್ಲ. ಆದರೂ ಇರಲಿ. ಸೇರಿದವರು ಜೂನ್ ಮೊದಲ ವಾರ ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಆ 20 ರೂಪಾಯಿ ಕಡಿತವಾಗಿದೆಯೇ ನೋಡಿ. ಆಗಿರದಿದ್ದರೆ ಅದೇ ದಿನ ಮ್ಯಾನೇಜರ್ ಮುಂದೆ ಹೋಗಿ ನಿಲ್ಲಿ.